ಮಣ್ಣು ಇದ್ದಲ್ಲೇ ಇರುತ್ತದೆ, ಹಕ್ಕು?

2023ರ ಮಾರ್ಚ್ 12ರಂದು ಮದ್ದೂರು ತಾಲೂಕಿನ ಗೆಜ್ಜಲಗೆರೆಯ ಹೆಸರು ದೇಶದ ಎಲ್ಲ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. 118 ಕಿಲೋಮೀಟರ್ ಉದ್ದದ, ಸುಮಾರು 8,480 ಕೋಟಿ ರೂಪಾಯಿ ವೆಚ್ಚದ ಬೆಂಗಳೂರು-ಮೈಸೂರು ಹೆದ್ದಾರಿಯನ್ನು ಪ್ರಧಾನಿಯವರು ರಾಷ್ಟ್ರಕ್ಕೆ ಅರ್ಪಿಸಿದ್ದು ಅಲ್ಲಿಂದಲೇ. ಮೂರು ಗಂಟೆಯ ಪ್ರಯಾಣ 75 ನಿಮಿಷಕ್ಕೆ ಇಳಿಯಲಿದೆ ಎಂದು ಅಂದು ಹೇಳಲಾಯಿತು. ಅಲ್ಲಿಯ ತನಕ ಗೆಜ್ಜಲಗೆರೆ ಎಂದರೆ ಜನರಿಗೆ ನೆನಪಾಗುತ್ತಿದ್ದುದು ಹಾಲು ಒಕ್ಕೂಟದ ಡೇರಿ, ಕೈಗಾರಿಕಾ ಪ್ರದೇಶ ಮತ್ತು ವಿಶ್ವೇಶ್ವರಯ್ಯ ನಾಲೆಯ ನೀರುಂಡ ಗದ್ದೆಗಳು. ಈಗ ಅದು ಎಕ್ಸ್‌ಪ್ರೆಸ್‌ವೇ ಪಕ್ಕದ ಊರು. ಕಬ್ಬಿನ ಗದ್ದೆಯ ಸಾಲಿಗೆ 'ನಿವೇಶನಗಳು ಮಾರಾಟಕ್ಕಿವೆ' ಎಂಬ ಫಲಕ ಬಂದು ನಿಲ್ಲಲು ಒಂದು ರಸ್ತೆ ಸಾಕು ಎಂಬುದು ಬಿಡದಿಯಿಂದ ಶ್ರೀರಂಗಪಟ್ಟಣದ ತನಕ ಹೋಗಿಬರುವ ಯಾರಿಗೂ ತಿಳಿಯುವ ಸಂಗತಿ.

ಮಂಡ್ಯ, ಮದ್ದೂರು, ಮಳವಳ್ಳಿ, ಚನ್ನಪಟ್ಟಣ, ರಾಮನಗರಗಳಲ್ಲಿ ಗುಜರಿ ಅಂಗಡಿ, ಗ್ಯಾರೇಜು, ರೇಷ್ಮೆ, ಹಣ್ಣಿನ ವ್ಯಾಪಾರ, ಲಾರಿ ಚಾಲನೆ ಮುಂತಾದ ದುಡಿಮೆಯಲ್ಲಿರುವ ನಮ್ಮ ಕುಟುಂಬಗಳೂ ಇಂದು ಇಂತಹ ಫಲಕಗಳ ಮುಂದೆ ನಿಂತು ಲೆಕ್ಕ ಹಾಕುತ್ತಿವೆ. ಅದಕ್ಕೆ ಕಾರಣವೂ ಇದೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ, ಕುಸಿದುಬಿತ್ತು. ಬಡ್ಡಿಯಿಲ್ಲದ 'ಹಲಾಲ್' ಲಾಭವೆಂದು ನಂಬಿ ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು, ನಿವೃತ್ತಿಯ ಹಣವನ್ನು, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದ ಹಣವನ್ನು ಅದರಲ್ಲಿ ತೊಡಗಿಸಿದ್ದ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಸಂಸ್ಥೆಯ ಮುಖ್ಯಸ್ಥ ದೇಶ ಬಿಟ್ಟು ಹೋಗಿ ಮರುತಿಂಗಳು ದೆಹಲಿಯಲ್ಲಿ ಬಂಧಿತನಾದ. ಆ ಆಘಾತದ ನಂತರ ನಮ್ಮ ಮನೆಗಳಲ್ಲಿ ಒಂದು ಮಾತು ಗಾದೆಯಂತೆ ನೆಲೆಯೂರಿದೆ: 'ಕಂಪೆನಿ ಓಡಿಹೋಗುತ್ತದೆ, ಭೂಮಿ ಓಡಿಹೋಗುವುದಿಲ್ಲ.'

ಈ ಮಾತು ಅರ್ಧ ಮಾತ್ರ ಸತ್ಯ. ಮಣ್ಣು ಓಡಿಹೋಗುವುದಿಲ್ಲ, ನಿಜ. ಆದರೆ ನಾವು ಹಣ ಕೊಟ್ಟು ಪಡೆಯುವುದು ಮಣ್ಣನ್ನಲ್ಲ, ಅದರ ಮೇಲಿನ ಹಕ್ಕನ್ನು. ಮಣ್ಣು ಇದ್ದಲ್ಲೇ ಇದ್ದು, ಹಕ್ಕು ಮಾತ್ರ ಇನ್ಯಾರದೋ ಆಗಿರುವ ಪ್ರಕರಣಗಳಿಂದಲೇ ನಮ್ಮ ಸಿವಿಲ್ ನ್ಯಾಯಾಲಯಗಳು ತುಂಬಿಹೋಗಿವೆ. ಆದುದರಿಂದ ಮೊದಲ ಬಾರಿಗೆ ಭೂಮಿಯಲ್ಲಿ ಹಣ ತೊಡಗಿಸುವವನು ಕೇಳಬೇಕಾದ ಪ್ರಶ್ನೆ 'ಐದು ವರ್ಷದಲ್ಲಿ ಬೆಲೆ ಎಷ್ಟಾಗುತ್ತದೆ?' ಎಂಬುದಲ್ಲ. 'ಈ ಮಣ್ಣಿನಲ್ಲಿ ಇನ್ನು ಯಾರ ಯಾರ ಹಕ್ಕಿದೆ?' ಎಂಬುದು. ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಹಣವೂ ಉಳಿಯುತ್ತದೆ, ಪರರ ಹಕ್ಕನ್ನು ನುಂಗಿದ ಪಾಪದಿಂದಲೂ ಪಾರಾಗಬಹುದು.

ಮೊದಲು, ಯಾವ ಹಣ?

ಭೂಮಿಯ ವಿಚಾರಕ್ಕೆ ಬರುವ ಮುನ್ನ ಹಣದ ವಿಚಾರ ಇತ್ಯರ್ಥವಾಗಬೇಕು. ಕಾಯಿಲೆ, ಶಾಲೆಯ ಶುಲ್ಕ, ವ್ಯಾಪಾರದ ಬಂಡವಾಳಕ್ಕೆ ಬೇಕಾಗುವ ಹಣ ನಿವೇಶನಕ್ಕೆ ಹೋಗಬಾರದು. ಏಕೆಂದರೆ ನಿವೇಶನವು ಬೇಕೆಂದಾಗ ಮಾರಾಟವಾಗುವ ವಸ್ತುವಲ್ಲ. ಚಿನ್ನವನ್ನು ಒಂದು ಗಂಟೆಯಲ್ಲಿ ಹಣವಾಗಿಸಬಹುದು. ಊರಾಚೆಯ ಸೈಟನ್ನು ಸರಿಯಾದ ಬೆಲೆಗೆ ಮಾರಲು ವರ್ಷ ಹಿಡಿಯಬಹುದು. ಇನ್ನು ಪತ್ನಿಯ ಮಹ್ರ್ ಮತ್ತು ಒಡವೆ ಆಕೆಯ ಸ್ವಂತ ಆಸ್ತಿ. ಅದನ್ನು ಮಾರಿ ತನ್ನ ಹೆಸರಿಗೆ ನಿವೇಶನ ಕೊಳ್ಳುವ ಗಂಡ ಹೂಡಿಕೆದಾರನಲ್ಲ, ಸಾಲಗಾರ. ಆಕೆ ಒಪ್ಪಿದ್ದರೆ ಆಕೆಯ ಪಾಲು ಕ್ರಯಪತ್ರದಲ್ಲೂ ಕಾಣಬೇಕು.

ಲಾಭದ ಲೆಕ್ಕವನ್ನೂ ಪೂರ್ತಿಯಾಗಿ ಹಾಕಬೇಕು. ಕರ್ನಾಟಕದಲ್ಲಿ ನಿವೇಶನದ ಕ್ರಯಕ್ಕೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಉಪಕರ ಮತ್ತು ಅಧಿಭಾರ ಸೇರಿ ಸುಮಾರು ಶೇ. 5.6. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಸಲಾಗಿದೆ. ಒಟ್ಟು ಶೇ. 7.6. ಇದನ್ನು ಕ್ರಯದ ಬೆಲೆ ಅಥವಾ ಸರಕಾರಿ ಮಾರ್ಗಸೂಚಿ ಬೆಲೆ, ಎರಡರಲ್ಲಿ ಹೆಚ್ಚಿನದರ ಮೇಲೆ ಕಟ್ಟಬೇಕು. 20 ಲಕ್ಷ ರೂಪಾಯಿಯ ನಿವೇಶನಕ್ಕೆ 1.52 ಲಕ್ಷ ಸರಕಾರಕ್ಕೆ ಹೋಯಿತು. ದಲ್ಲಾಳಿಗೆ ಶೇ. 2ರಂತೆ 40 ಸಾವಿರ ಎಂದುಕೊಳ್ಳೋಣ. ಅಲ್ಲಿಗೆ ನಮ್ಮ ಖರ್ಚು 21.92 ಲಕ್ಷ. ಐದು ವರ್ಷದ ನಂತರ ಅದನ್ನು 24 ಲಕ್ಷಕ್ಕೆ ಮಾರಿ ಮತ್ತೆ ದಲ್ಲಾಳಿಗೆ 48 ಸಾವಿರ ಕೊಟ್ಟರೆ ಕೈಯಲ್ಲುಳಿಯುವ ಲಾಭ 1.60 ಲಕ್ಷ. ಅದರ ಮೇಲೆ ಶೇ. 12.5ರ ಆದಾಯ ತೆರಿಗೆ ಬಂದರೆ ಉಳಿದದ್ದು 1.40 ಲಕ್ಷ. 'ನಾಲ್ಕು ಲಕ್ಷ ಲಾಭವಾಯಿತು' ಎಂದು ಊರೆಲ್ಲ ಹೇಳಿಕೊಂಡವನಿಗೆ ವರ್ಷಕ್ಕೆ ಸಿಕ್ಕಿದ್ದು ಮೂವತ್ತು ಸಾವಿರ ರೂಪಾಯಿಗೂ ಕಡಿಮೆ! ಖಾಲಿ ನಿವೇಶನ ಬಾಡಿಗೆ ತರುವುದಿಲ್ಲ, ತೆರಿಗೆ ಕೇಳುತ್ತದೆ, ಬೇಲಿ ಕೇಳುತ್ತದೆ, ಕಾವಲು ಕೇಳುತ್ತದೆ. ಅದೇ ಹಣದಲ್ಲಿ ಪಟ್ಟಣದೊಳಗಿನ ಪುಟ್ಟ ಮಳಿಗೆಯೋ ಮನೆಯೋ ಸಿಗುವುದಾದರೆ ತಿಂಗಳ ಬಾಡಿಗೆಯಾದರೂ ಬರುತ್ತದೆ ಎಂಬುದನ್ನು ಹೋಲಿಸಿ ನೋಡಬೇಕು. ಭೂಮಿಯ ಬೆಲೆ ಏರುವುದೇ ಇಲ್ಲವೆಂದು ಇದರರ್ಥವಲ್ಲ. ಏರಿಕೆ ಎಷ್ಟಿದ್ದರೆ ಲಾಭ ಎಂಬುದನ್ನು ಕೊಳ್ಳುವ ಮುನ್ನವೇ ತಿಳಿದಿರಬೇಕು.

ರಸ್ತೆ ಯಾರಿಗಾಗಿ?

ದಲ್ಲಾಳಿಯ ಮೊದಲ ಮಾತೇ 'ಹೆದ್ದಾರಿ ಪಕ್ಕ' ಎಂಬುದು. ಆದರೆ ಈ ಹೆದ್ದಾರಿ ಹಳೆಯ ಮೈಸೂರು ರಸ್ತೆಯಂತಲ್ಲ. ಇದರ ಮುಖ್ಯ ಪಥಕ್ಕೆ ಬೇಲಿಯಿದೆ. ಒಳಬರಲು ಹೊರಹೋಗಲು ನಿಗದಿತ ಸ್ಥಳಗಳಿವೆ. 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಅಂದರೆ ಬೈಕಿನಲ್ಲಿ ಓಡಾಡುವ ಕುಟುಂಬಕ್ಕೆ 'ಹೆದ್ದಾರಿ ಪಕ್ಕದ ನಿವೇಶನ' ಎಂಬುದು ಕಣ್ಣಿಗೆ ಕಾಣುವ, ಕಾಲಿಗೆ ಸಿಗದ ರಸ್ತೆ. ಬಿಡದಿ, ರಾಮನಗರ-ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬಳಸಿಹೋಗುವಂತೆ ಅದನ್ನು ಕಟ್ಟಲಾಗಿದೆ. ಮದ್ದೂರಿನಲ್ಲಿ ವಾಹನ ನಿಲ್ಲಿಸಿ ವಡೆ ತಿನ್ನುತ್ತಿದ್ದವರು, ಚನ್ನಪಟ್ಟಣದಲ್ಲಿ ಇಳಿದು ಬೊಂಬೆ ಕೊಳ್ಳುತ್ತಿದ್ದವರು ಈಗ ನಿಲ್ಲದೆ ಸಾಗುತ್ತಾರೆ. ಹಳೆಯ ರಸ್ತೆಯ ಹೋಟೆಲು, ಅಂಗಡಿಗಳ ವ್ಯಾಪಾರ ಕುಸಿದ ಅಳಲನ್ನು ನಾವೆಲ್ಲ ಕೇಳಿದ್ದೇವೆ. ರಸ್ತೆಯೊಂದು ಊರಿಗೆ ಸಂಪತ್ತನ್ನು ತರುವಂತೆಯೇ ಊರಿನ ಪಕ್ಕದಿಂದಲೇ ಅದನ್ನು ಸಾಗಿಸಲೂಬಹುದು. ಆದುದರಿಂದ ಜಾಗವನ್ನು ನೋಡಲು ದಲ್ಲಾಳಿಯ ಕಾರಿನಲ್ಲಿ ಹೋಗಬೇಡಿ. ನಿಮ್ಮದೇ ವಾಹನದಲ್ಲಿ, ಬಸ್ಸಿನಲ್ಲಿ, ಮಳೆಗಾಲದಲ್ಲಿ ಒಮ್ಮೆ, ರಾತ್ರಿ ಒಮ್ಮೆ ಹೋಗಿಬನ್ನಿ. ಸರ್ವಿಸ್ ರಸ್ತೆಯಿಂದ ಜಾಗದವರೆಗಿನ ದಾರಿ ಗ್ರಾಮನಕ್ಷೆಯಲ್ಲಿ ಇದೆಯೇ, ಅಥವಾ ಪಕ್ಕದ ರೈತನ ಗದ್ದೆಯ ಬದುವೇ ದಾರಿಯೇ ಎಂದು ಕೇಳಿ. ದಾರಿಯಿಲ್ಲದ ನಿವೇಶನ ಬೀಗದ ಕೈ ಇಲ್ಲದ ಪೆಟ್ಟಿಗೆ.

ಯಾರ ಭೂಮಿ?

ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಮಾರಾಟಗಾರ ಪಹಣಿ ತೋರಿಸುತ್ತಾನೆ, ಅದರಲ್ಲಿ ಅವನ ಹೆಸರಿರುತ್ತದೆ, ನಮಗೆ ಸಮಾಧಾನವಾಗುತ್ತದೆ. ಆದರೆ ಪಹಣಿ ಮತ್ತು ಖಾತೆ ಕಂದಾಯ ವಸೂಲಿಗಾಗಿ ಇರುವ ದಾಖಲೆಗಳು, ಅವೇ ಒಡೆತನವಲ್ಲ. 2000ದಲ್ಲಿ 'ಭೂಮಿ' ಯೋಜನೆ ಬಂದ ಬಳಿಕ ಪಹಣಿ ಯಾರ ಕೈಗಾದರೂ ಸುಲಭವಾಗಿ ಸಿಗುತ್ತದೆ. ಅದರ ಒಂಬತ್ತನೇ ಕಾಲಂನಲ್ಲಿ ಮಾಲೀಕನ ಹೆಸರನ್ನು ಎಲ್ಲರೂ ಓದುತ್ತಾರೆ. ಹನ್ನೊಂದನೇ ಕಾಲಂ ಓದುವವರು ಕಡಿಮೆ. ಇತರರ ಹಕ್ಕು, ಬ್ಯಾಂಕಿನ ಸಾಲ, ನ್ಯಾಯಾಲಯದ ತಡೆ, ಭೂಸ್ವಾಧೀನ, ವಕ್ಫ್, ಇವೆಲ್ಲ ಕಾಣಿಸಿಕೊಳ್ಳುವುದು ಅಲ್ಲಿ. ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ಗೆಜ್ಜಲಗೆರೆಯಂತಹ ಕಡೆ ಆ ಸರ್ವೆ ನಂಬರು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ಅಧಿಸೂಚನೆಗೆ ಒಳಪಟ್ಟಿದೆಯೇ ಎಂದು ವಿಚಾರಿಸದೆ ಮುಂಗಡ ಕೊಡುವುದು ಕಣ್ಣು ಮುಚ್ಚಿ ನಾಲೆಗೆ ಹಾರಿದಂತೆ.

ಋಣಭಾರ ಪತ್ರ, ಅಂದರೆ ಇ.ಸಿ.ಯನ್ನೂ ಕನಿಷ್ಠ ಮೂವತ್ತು ವರ್ಷದ್ದು ತೆಗೆಸಬೇಕು. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಾಯಿಸದ ಕರಾರು, ಬಾಯಿಮಾತಿನ ಹಿಬಾ, ನಡೆಯುತ್ತಿರುವ ದಾವೆ ಅದರಲ್ಲಿ ಇರುವುದಿಲ್ಲ. ಆ ಮಾಹಿತಿ ಸಿಗುವುದು ಅಕ್ಕಪಕ್ಕದ ಜಮೀನಿನವರಿಂದ, ಊರ ಹಿರಿಯರಿಂದ, ನ್ಯಾಯಾಲಯದ ದಾಖಲೆಗಳಿಂದ. ಚಹಾ ಅಂಗಡಿಯಲ್ಲಿ ಒಂದು ಗಂಟೆ ಕುಳಿತರೆ ಕಚೇರಿಯಲ್ಲಿ ಸಿಗದ ಇತಿಹಾಸ ತಿಳಿಯುತ್ತದೆ.

ಮಂಡ್ಯದ ಗದ್ದೆಗಳನ್ನು ಮಾರುವವರು ಹೆಚ್ಚಾಗಿ ರೈತ ಕುಟುಂಬದವರು. ಪಿತ್ರಾರ್ಜಿತ ಭೂಮಿಯಾಗಿದ್ದರೆ ಹೆಣ್ಣು ಮಕ್ಕಳ ಹಕ್ಕೇನಾಯಿತು ಎಂದು ಕೇಳಲೇಬೇಕು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೂ ಮಗನಷ್ಟೇ ಜನ್ಮಸಿದ್ಧ ಹಕ್ಕಿದೆ. ತಂದೆ ಆ ವೇಳೆಗೆ ಬದುಕಿರಲಿ ಇಲ್ಲದಿರಲಿ ಈ ಹಕ್ಕು ಉಂಟು ಎಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನುಬದ್ಧವಾಗಿ ವಿಭಾಗ ಅಥವಾ ಮಾರಾಟ ಆಗಿದ್ದರೆ ಮಾತ್ರ ವಿನಾಯಿತಿ. ಆದರೂ 'ತಂಗಿಯರಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ' ಎಂಬ ಮಾತಿಗೆ ತಲೆಯಾಡಿಸಿ ಕ್ರಯಪತ್ರ ಮಾಡಿಸಿಕೊಳ್ಳುವವರಿದ್ದಾರೆ. ಆ ತಂಗಿ ಮುಂದೊಂದು ದಿನ ದಾವೆ ಹೂಡಿದರೆ ತಪ್ಪು ಆಕೆಯದಲ್ಲ. ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿಯೊಬ್ಬ ಹೆಣ್ಣುಮಗಳ ಸಹಿ ಪಡೆಯಿರಿ.

ಬೇರೆಯವರ ಮನೆಯ ಲೆಕ್ಕ ಕೇಳುವ ನಾವು ನಮ್ಮ ಮನೆಯ ಲೆಕ್ಕ ಸರಿಯಿಟ್ಟಿದ್ದೇವೆಯೇ? ಪಟ್ಟಣದಂಚಿನಲ್ಲಿ ಪರಿವರ್ತನೆಯಾದ ಒಂದು ಎಕರೆ, ಅಂದರೆ 40 ಗುಂಟೆ ಜಾಗವಿರುವ ಮುಸ್ಲಿಮ್ ತಂದೆ ತೀರಿಹೋದರೆಂದು ಭಾವಿಸಿ. ಅವರ ತಂದೆತಾಯಿ ಮೊದಲೇ ಗತಿಸಿದ್ದಾರೆ. ಪತ್ನಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಸಾಲವೇನೂ ಇಲ್ಲದಿದ್ದರೆ ಎಂಟನೇ ಒಂದು ಭಾಗ, 5 ಗುಂಟೆ ಪತ್ನಿಗೆ. ಉಳಿದ 35ರಲ್ಲಿ ಮಕ್ಕಳಿಗೆ 14, 14 ಮತ್ತು 7. ಈ ಪಾಲು ಯಾರೋ ಮುಂದೊಮ್ಮೆ ಕೊಡುವ ದಾನವಲ್ಲ. ಮರಣದ ಕ್ಷಣದಲ್ಲೇ ಅದು ಅವರವರದ್ದು. ಖಾತೆ ಹಿರಿಯ ಮಗನ ಹೆಸರಿಗೆ ಬದಲಾಗಿರಬಹುದು. ಅವನು 40 ಗುಂಟೆಯನ್ನೂ ಮಾರಿದರೆ ಕೊಂಡವನಿಗೆ ಕಾನೂನಿನಲ್ಲಿ ಸಿಗುವುದು 14 ಗುಂಟೆಯ ಹಕ್ಕು ಮಾತ್ರ. ತಾಯಿ, ತಮ್ಮ, ತಂಗಿಯ ಸಹಿ ಇಲ್ಲದ ಆ ಕ್ರಯ ಅವರನ್ನು ಕಟ್ಟಿಹಾಕದು. ವಾರಸುದಾರರಲ್ಲಿ ಅಪ್ರಾಪ್ತ ವಯಸ್ಕರಿದ್ದರಂತೂ ಇನ್ನೂ ಎಚ್ಚರ ಬೇಕು. ತಂದೆಯಿಲ್ಲದ ಮಗುವಿನ ಸ್ಥಿರಾಸ್ತಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮಾರಲು ಮುಸ್ಲಿಮ್ ಕಾನೂನಿನಲ್ಲಿ ತಾಯಿಗಾಗಲೀ ಅಣ್ಣನಿಗಾಗಲೀ ಚಿಕ್ಕಪ್ಪನಿಗಾಗಲೀ ಅಧಿಕಾರವಿಲ್ಲ. ಅನಾಥರ ಸೊತ್ತಿನ ವಿಷಯದಲ್ಲಿ ನಮ್ಮ ಧರ್ಮ ಎಷ್ಟು ಕಟುವಾಗಿ ಎಚ್ಚರಿಸಿದೆ ಎಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ. ಅಗ್ಗಕ್ಕೆ ಸಿಗುತ್ತಿದೆ ಎಂದು ಕೊಳ್ಳುವವನೂ ಅದರಲ್ಲಿ ಪಾಲುದಾರ.

ಇನ್ನೊಂದು ಹಕ್ಕು ದಲಿತರದ್ದು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಭೂಮಿಯನ್ನು ಸರಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವುದನ್ನು 1978ರ ಪಿಟಿಸಿಎಲ್ ಕಾಯ್ದೆ ನಿಷೇಧಿಸುತ್ತದೆ. ಅಂತಹ ಭೂಮಿ ಎಷ್ಟು ಕೈ ಬದಲಾಗಿದ್ದರೂ ಕ್ರಯ ಅಸಿಂಧು. ಭೂಮಿ ಮೂಲ ಮಂಜೂರಾತಿದಾರನಿಗೋ ಅವನ ವಾರಸುದಾರರಿಗೋ ಮರಳುತ್ತದೆ. 2023ರ ತಿದ್ದುಪಡಿಯ ಬಳಿಕ ಅವರು ಅರ್ಜಿ ಸಲ್ಲಿಸಲು ಕಾಲಮಿತಿಯೂ ಇಲ್ಲ. 'ಇಪ್ಪತ್ತು ವರ್ಷದಿಂದ ಯಾರೂ ಕೇಳಿಲ್ಲ' ಎಂಬ ದಲ್ಲಾಳಿಯ ಮಾತಿಗೆ ಬೆಲೆಯಿಲ್ಲ. ಇದನ್ನು ಕೇವಲ 'ತೊಡಕು' ಎಂದು ಭಾವಿಸಬಾರದು. ಬಡವನ ಕಷ್ಟಕಾಲದಲ್ಲಿ ಬಿಡಿಗಾಸಿಗೆ ಅವನ ಭೂಮಿ ಕೈತಪ್ಪದಿರಲಿ ಎಂದೇ ಬಂದ ಕಾನೂನು ಇದು. ಮೂಲ ಮಂಜೂರಾತಿ ಆದೇಶ ಮತ್ತು ಸಾಗುವಳಿ ಚೀಟಿಯ ತನಕ ಹಿಂದಕ್ಕೆ ಹೋಗಿ ನೋಡದೆ ಯಾವ ಗದ್ದೆಯನ್ನೂ ಕೊಳ್ಳಬಾರದು.

ಹಾಗೆಯೇ ಗೋಮಾಳ ಮತ್ತು ಕೆರೆಯಂಗಳ, ಹಳ್ಳ, ನಾಲೆ, ಸ್ಮಶಾನಗಳ 'ಬಿ' ಖರಾಬು ಭೂಮಿ ಸಾರ್ವಜನಿಕರದ್ದು. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ವಕ್ಫ್ ಭೂಮಿಯನ್ನು ಮುತವಲ್ಲಿಯೇ ಮಾರಲು ಬಂದರೂ ಕೊಳ್ಳಬಾರದು. ವಕ್ಫ್ ಆಸ್ತಿ ಒತ್ತುವರಿಯಾಗಿದೆ ಎಂದು ಸಭೆಗಳಲ್ಲಿ ಮರುಗುವ ನಮ್ಮವರೇ ಅದರ ಅಂಚಿನಲ್ಲಿ ಸೈಟು ಹಂಚಿಕೊಂಡರೆ ಆ ಮರುಕಕ್ಕೆ ಅರ್ಥವೇನು?

ಕೊಳ್ಳುತ್ತಿರುವುದು ಏನನ್ನು?

2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ರದ್ದುಗೊಳಿಸಿ, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ದಾರಿ ಮಾಡಿಕೊಡಲಾಯಿತು. ರೈತ ಸಂಘಟನೆಗಳು ಬೀದಿಗಿಳಿದು ವಿರೋಧಿಸಿದವು. ಅಂದಿನಿಂದ 'ಯಾರು ಬೇಕಾದರೂ ಕೊಳ್ಳಬಹುದು' ಎಂಬ ಮಾತು ಚಾಲ್ತಿಗೆ ಬಂದಿದೆ. ಆದರೆ ಕೊಳ್ಳುವ ಹಕ್ಕು ಬೇರೆ, ಮನೆ ಕಟ್ಟುವ ಹಕ್ಕು ಬೇರೆ. ಕೃಷಿ ಭೂಮಿಯಲ್ಲಿ ಬಡಾವಣೆ ಮಾಡಲು ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿಯ ಪರಿವರ್ತನಾ ಆದೇಶ ಬೇಕು. ಯೋಜನಾ ಪ್ರಾಧಿಕಾರದಿಂದ ನಕ್ಷೆಗೆ ಅನುಮೋದನೆ ಬೇಕು. 'ಫಾರ್ಮ್ ಪ್ಲಾಟ್' ಎಂಬ ಚಂದದ ಹೆಸರಿನಲ್ಲಿ ಗುಂಟೆ ಲೆಕ್ಕದಲ್ಲಿ ಮಾರುವ ಗದ್ದೆ ಗದ್ದೆಯೇ ಹೊರತು ನಿವೇಶನವಲ್ಲ. ಇದರೊಂದಿಗೆ ಕೊಲ್ಲಿಯಲ್ಲಿ ದುಡಿಯುವ ನಮ್ಮ ಸಹೋದರರು ತಿಳಿದಿರಬೇಕಾದ ಸಂಗತಿಯೊಂದಿದೆ. ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರು ಮನೆ, ನಿವೇಶನ ಕೊಳ್ಳಬಹುದು; ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. 2020ರ ತಿದ್ದುಪಡಿಯಿಂದ ಇದು ಬದಲಾಗಿಲ್ಲ.

ನಕ್ಷೆಯನ್ನು ನೋಡುವಾಗ ಸಣ್ಣದೊಂದು ಲೆಕ್ಕ ಸಾಕು. ಒಂದು ಎಕರೆ ಎಂದರೆ 43,560 ಚದರಡಿ. 30x40ರ ನಿವೇಶನ 1,200 ಚದರಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಬಿಟ್ಟರೆ ಎಕರೆಗೆ ಇಪ್ಪತ್ತರ ಆಸುಪಾಸು ನಿವೇಶನ ಬರುವುದು ನ್ಯಾಯ. ಎಕರೆಗೆ ಮೂವತ್ತು ಹಂಚಿದ ನಕ್ಷೆಯಲ್ಲಿ ಎಲ್ಲ ಸೌಲಭ್ಯಕ್ಕೆ ಸೇರಿ ಉಳಿಯುವುದು 7,560 ಚದರಡಿ. ಅಲ್ಲಿ ಆಂಬುಲೆನ್ಸ್ ತಿರುಗದು, ಚರಂಡಿ ಹರಿಯದು. ಅಂತಹ ನಕ್ಷೆಗೆ ಪ್ರಾಧಿಕಾರದ ಮೊಹರು ಇರುವುದಿಲ್ಲ. ಇರುವುದು ಮುದ್ರಣಾಲಯದ ಬಣ್ಣ ಮಾತ್ರ. 'ಪಂಚಾಯತ್ ಖಾತೆ ಇದೆ' ಎಂಬ ಮಾತನ್ನೂ ಪರಿಶೀಲಿಸಬೇಕು. 2013ರಿಂದ ಜಾರಿಯಲ್ಲಿರುವ ಇ-ಸ್ವತ್ತು ವ್ಯವಸ್ಥೆಯಲ್ಲಿ ನಮೂನೆ 9 ಮತ್ತು 11ಎ ಬೇರೆ, 11ಬಿ ಬೇರೆ. ಮೊದಲಿನವು ಅಧಿಕೃತ ಕೃಷಿಯೇತರ ಸೊತ್ತಿಗೆ, ಕೊನೆಯದು ಆ ಮಾನ್ಯತೆಯಿಲ್ಲದ್ದಕ್ಕೆ. ಒಂದು ಅಕ್ಷರದ ವ್ಯತ್ಯಾಸದಲ್ಲಿ ಮಾರುಕಟ್ಟೆ ಬೆಲೆಯೂ ಮನೆ ಕಟ್ಟುವ ಅನುಮತಿಯೂ ಅಡಗಿದೆ.

500 ಚದರ ಮೀಟರಿಗಿಂತ, ಅಂದರೆ ಹೆಚ್ಚುಕಡಿಮೆ ಐದು ಗುಂಟೆಗಿಂತ ಹೆಚ್ಚಿನ ಜಾಗದ ಬಡಾವಣೆಯನ್ನು ಮಾರಾಟಕ್ಕಿಡುವ ಮುನ್ನ 2016ರ ರೇರಾ ಕಾಯ್ದೆಯಡಿ ನೋಂದಾಯಿಸಬೇಕು. ಅದರ ಸಂಖ್ಯೆಯನ್ನು ಜಾಹೀರಾತಿನಲ್ಲೇ ಮುದ್ರಿಸಬೇಕು. ದಲ್ಲಾಳಿಯೂ ನೋಂದಾಯಿತನಾಗಿರಬೇಕು. ಸಂಖ್ಯೆ ಕೇಳಿದಾಗ 'ಅದು ದೊಡ್ಡ ಕಂಪೆನಿಗಳಿಗೆ ಮಾತ್ರ' ಎಂದರೆ ಅಲ್ಲಿಂದ ಎದ್ದು ಬನ್ನಿ.

ಹಣ ಹೇಗೆ, ಯಾರ ಹೆಸರಿಗೆ?

ರೇರಾ ಯೋಜನೆಯಲ್ಲಿ ನೋಂದಾಯಿತ ಮಾರಾಟ ಕರಾರು ಇಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕೂ ಹೆಚ್ಚನ್ನು ನಗದಾಗಿ ಮುಂಗಡ ಪಡೆಯುವುದು 2015ರಿಂದ ನಿಷಿದ್ಧ. ಆದರೂ ನಮ್ಮಲ್ಲಿ ಅರ್ಧ 'ಬಿಳಿ', ಅರ್ಧ 'ಕಪ್ಪು' ಎಂಬ ಪದ್ಧತಿ ಬೇರೂರಿದೆ. 20 ಲಕ್ಷ ಕೊಟ್ಟು ಪತ್ರದಲ್ಲಿ 9 ಲಕ್ಷ ಬರೆಸಿಕೊಂಡವನಿಗೆ ವ್ಯವಹಾರ ಮುರಿದುಬಿದ್ದಾಗ ನ್ಯಾಯಾಲಯದಲ್ಲಿ ಕೇಳಲು ಬಾಯಿರುವುದು 9 ಲಕ್ಷಕ್ಕೆ ಮಾತ್ರ. ಮುಂದೆ ಮಾರುವಾಗ ಆ ವ್ಯತ್ಯಾಸವೆಲ್ಲ 'ಲಾಭ'ವಾಗಿ ತೆರಿಗೆ ಅವನ ತಲೆಗೇ ಬರುತ್ತದೆ. ತೆರಿಗೆ ವಂಚನೆಯ ನೈತಿಕ ಪ್ರಶ್ನೆಯನ್ನು ಬದಿಗಿಟ್ಟರೂ ಇದು ನಷ್ಟದ ಬಾಬತ್ತು.

ಜಿಪಿಎ, ಅಂದರೆ ಅಧಿಕಾರ ಪತ್ರ ಮತ್ತು ಕರಾರಿನ ಮೇಲೆ ಭೂಮಿ ಕೊಂಡರೆ ಒಡೆತನ ವರ್ಗಾವಣೆಯಾಗದು ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಹೇಳಿಯಾಗಿದೆ. ಛಾಪಾ ಕಾಗದದ ಮೇಲೆ ನೋಟರಿ ಮೊಹರು ಬಿದ್ದಾಕ್ಷಣ ಅದು ಕ್ರಯಪತ್ರವಾಗುವುದಿಲ್ಲ. ಇನ್ನು ಊರಿನಲ್ಲಿಲ್ಲದವರು ಭಾವನ ಹೆಸರಿಗೋ ಗೆಳೆಯನ ಹೆಸರಿಗೋ ಕೊಂಡಿಡುವ ರೂಢಿ. 2016ರಲ್ಲಿ ಬಿಗಿಗೊಂಡ ಬೇನಾಮಿ ಕಾಯ್ದೆಯಡಿ ಅಂತಹ ಸೊತ್ತನ್ನು ಸರಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ಪತ್ನಿ, ಮಕ್ಕಳ ಹೆಸರಿಗೆ ತಿಳಿದ ಮೂಲದ ಹಣದಿಂದ ಕೊಳ್ಳುವುದಕ್ಕೆ ವಿನಾಯಿತಿಯಿದೆ. ಭಾವನಿಗಾಗಲೀ ಗೆಳೆಯನಿಗಾಗಲೀ ಅದಿಲ್ಲ.

ಈ ಎಲ್ಲ ಮಾತು ಕೇಳಿ 'ಇಷ್ಟೆಲ್ಲ ನೋಡುತ್ತಾ ಕುಳಿತರೆ ಜಾಗ ಕೈತಪ್ಪುತ್ತದೆ' ಎನ್ನುವವರಿದ್ದಾರೆ. ಕೈತಪ್ಪಲಿ. ನಾಳೆಯೊಳಗೆ ಮುಂಗಡ ಕೊಡಲೇಬೇಕಾದ ಜಾಗದಲ್ಲಿ ನಾಡಿದ್ದು ಬಯಲಾಗುವ ಸಂಗತಿ ಏನೋ ಇರುತ್ತದೆ. ಬಡಾವಣೆಯವರು ಒದಗಿಸುವ ವಕೀಲರ ಅಭಿಪ್ರಾಯ ಸಾಲದು. ನಮ್ಮ ಹಣದಲ್ಲಿ ನಮಗಾಗಿ ನೋಡುವ ವಕೀಲರೊಬ್ಬರು ಬೇಕು. ಸರಕಾರಿ ಭೂಮಾಪಕರಿಂದ ಅಳತೆ ಮಾಡಿಸಬೇಕು. ಇದಕ್ಕೆ ತಗಲುವ ವೆಚ್ಚ ಒಟ್ಟು ಬೆಲೆಯಲ್ಲಿ ಉಪ್ಪಿನಷ್ಟು.

ಇಲ್ಲಿ ಸರಕಾರವನ್ನೂ ಪ್ರಶ್ನಿಸಬೇಕಾಗಿದೆ. ಪ್ರತಿ ಕ್ರಯದಿಂದ ಶೇ. 7.6ರಷ್ಟು ಪಡೆಯುವ ಸರಕಾರ ಕೊಂಡವನಿಗೆ ಯಾವ ಭರವಸೆ ಕೊಡುತ್ತದೆ? ಉಪನೋಂದಣಾಧಿಕಾರಿ ನೋಂದಾಯಿಸುವುದು ಪತ್ರವನ್ನೇ ಹೊರತು ಒಡೆತನವನ್ನಲ್ಲ. ಪಿಟಿಸಿಎಲ್ ಭೂಮಿ, ಸ್ವಾಧೀನದ ಭೂಮಿ, ಖರಾಬು, ಇವೆಲ್ಲ ಸರಕಾರದ ಕಪಾಟಿನಲ್ಲೇ ಇರುವ ಮಾಹಿತಿಗಳು. ಇ-ಖಾತೆಯನ್ನು ನೋಂದಣಿಗೆ ಕಡ್ಡಾಯಗೊಳಿಸಿದ್ದು ಸರಿಯಾದ ಹೆಜ್ಜೆ. ಆದರೆ ಒಂದು ಸರ್ವೆ ನಂಬರಿನ ಎಲ್ಲ ತಕರಾರುಗಳನ್ನು ಒಂದೇ ಹಾಳೆಯಲ್ಲಿ ಸಾಮಾನ್ಯನಿಗೆ ಒದಗಿಸುವ ತನಕ ಆ ಹೆಜ್ಜೆ ಅರ್ಧದಲ್ಲೇ ನಿಂತಂತೆ. ಹೆದ್ದಾರಿಯ ಉದ್ಘಾಟನೆಗೆ ತೋರುವ ಉತ್ಸಾಹವನ್ನು ಅದರ ಇಕ್ಕೆಲದ ಅನಧಿಕೃತ ಬಡಾವಣೆಗಳನ್ನು ತಡೆಯುವುದರಲ್ಲಿ ತೋರದಿದ್ದರೆ, ನೀರಾವರಿ ಗದ್ದೆಯೂ ಹೋಗಿ ನೆಮ್ಮದಿಯ ಬಡಾವಣೆಯೂ ಬರದೆ ಉಳಿಯುವುದು ಕಲ್ಲು ನೆಟ್ಟ ಬಯಲು ಮಾತ್ರ.

ಹಾಗೆಂದು ಎಲ್ಲವನ್ನೂ ಸರಕಾರದ ಮೇಲೆ ಹೊರಿಸಿ ನಾವು ಸುಮ್ಮನಿರುವಂತಿಲ್ಲ. ಬಾಡಿಗೆಗೆ ಮನೆ ಕೊಡದೆ ಬಾಗಿಲು ಮುಚ್ಚುವವರಿರುವ ಪಟ್ಟಣಗಳಲ್ಲಿ ನಮ್ಮ ಕುಟುಂಬಗಳು ಊರ ಅಂಚಿನ ದಾಖಲೆಯಿಲ್ಲದ ಸೈಟುಗಳತ್ತ ತಳ್ಳಲ್ಪಡುತ್ತವೆ ಎಂಬುದು ಸತ್ಯ. ಆ ಅಸಹಾಯಕತೆಯನ್ನು ಬಂಡವಾಳ ಮಾಡಿಕೊಳ್ಳುವವರಲ್ಲಿ ನಮ್ಮವರೂ ಇದ್ದಾರೆ ಎಂಬುದು ಇನ್ನೂ ಕಹಿ ಸತ್ಯ. 'ನಮ್ಮವರೇ ಅಲ್ಲವೇ, ಮಸೀದಿಯಲ್ಲಿ ಪಕ್ಕದಲ್ಲೇ ನಿಲ್ಲುವವರಲ್ಲವೇ' ಎಂಬ ಮಾತು ಐಎಂಎಯ ಬಾಗಿಲಲ್ಲೂ ಕೇಳಿಬಂದಿತ್ತು. ನಮ್ಮವರು ಎಂಬುದು ದಾಖಲೆಯಲ್ಲ. ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡಬೇಕೆಂದು ವಿಧಿಸುವ ಅಲ್‌ಬಕರ ಅಧ್ಯಾಯದ 282ನೇ ವಚನವು ಕುರ್‌ಆನಿನ ಅತ್ಯಂತ ದೀರ್ಘ ವಚನ. ಅದು ಸತ್ಯವಿಶ್ವಾಸಿಗಳನ್ನು ಉದ್ದೇಶಿಸಿಯೇ ಹೇಳಿದ್ದು. ಬರೆದಿಡುವುದು ಅವಿಶ್ವಾಸದ ಲಕ್ಷಣವಲ್ಲ, ವಿಶ್ವಾಸದ ಕಾವಲು.

ಪ್ರತಿ ಪಟ್ಟಣದ ಜಮಾಅತ್‌ಗಳು ತಿಂಗಳಿಗೊಂದು ಭಾನುವಾರ ಒಬ್ಬ ವಕೀಲರನ್ನೂ ಒಬ್ಬ ನಿವೃತ್ತ ಕಂದಾಯ ನೌಕರರನ್ನೂ ಕೂರಿಸಿ ಜನರ ಕಾಗದಪತ್ರ ನೋಡಿಕೊಡುವ ವ್ಯವಸ್ಥೆ ಮಾಡಲಾಗದೇ? ಮದುವೆಯ ಊಟದ ಒಂದು ಪಂಕ್ತಿಯ ಖರ್ಚಿನಲ್ಲಿ ವರ್ಷವಿಡೀ ಅದು ನಡೆದೀತು. ಅಲ್ಲಿ ತಾಯಂದಿರೂ ಹೆಣ್ಣುಮಕ್ಕಳೂ ಬಂದು ತಮ್ಮ ಪಾಲಿನ ಲೆಕ್ಕ ಕೇಳುವಂತಾಗಬೇಕು. ಗೆಜ್ಜಲಗೆರೆಯ ಗದ್ದೆಯಂಚಿನ ಫಲಕದ ಮುಂದೆ ನಿಂತ ಯುವಕ ದಲ್ಲಾಳಿಗೆ ಫೋನ್ ಮಾಡುವ ಮೊದಲು ಹನ್ನೊಂದನೇ ಕಾಲಂ ನೋಡಿಕೊಂಡು ಬರುವಂತಾದರೆ, ಆ ಮನೆಯ ಹತ್ತು ವರ್ಷಗಳ ಬೆವರು ಉಳಿದಂತೆ. ಜೊತೆಗೆ ಇನ್ನೊಂದು ಮನೆಯ ಹೆಣ್ಣುಮಗಳ, ಅನಾಥನ, ಬಡವನ ಹಕ್ಕೂ ಉಳಿದಂತೆ.